ಗುರುವಾರದ ಮಂಡಿನೋವು

ಹೊಲಿಗೆಯಮ್ಮನ ಬಲಮಂಡಿ ಹಾಳಾದದ್ದು ಮಿಷನ್ನಿನ ಪೆಡಲು ತುಳಿದು ತುಳಿದು. ಗಂಡ ಇದ್ದಾಗಲೂ ತುಳಿದಳು, ಹೋದ ಮೇಲೂ ತುಳಿದಳು. ಊರಿನ ಅರ್ಧ ಮಂದಿಯ ಅಂಗಿಗೆ ತೋಳು ಕೂರಿಸಿದವಳು ಅವಳೇ. ಈಗ ಮಹಡಿಯ ಒಂಟಿ ಕೋಣೆಯಲ್ಲಿ ಮಿಷನ್ನಿಗೆ ಮುಸುಕು ಹಾಕಿಟ್ಟಿದ್ದಳು. ಬೆಳಿಗ್ಗೆ ಹಾಲಿನವನು "ಹಾಲು" ಅಂದು ಹೋದರೆ ಆ ದಿನದ ಮಾತುಕತೆ ಮುಗಿದ ಹಾಗೆ.

ಅಂಥವಳಿಗೆ ಗುರುವಾರವೊಂದು ಸಿಕ್ಕಿತ್ತು.

ನದಿ ಸಮುದ್ರ ಸೇರುವ ಕಡೆ, ಕಾಲೇಜಿನ ಹಳೇ ಕಟ್ಟಡದಲ್ಲಿ, ಸಂಶೋಧಕರೊಬ್ಬರು ಹೊಳೆಚುಳ್ಳಿಯ ಪರೀಕ್ಷೆ ನಡೆಸುತ್ತಿದ್ದರು. ಕಾಂಡ್ಲಾ ಮರಗಳ ಕಾಡಿನ ಅಂಚಿಗೆ ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಗಿಡ ಅದು. ಎಲೆಯ ಅಂಚಿಗೆಲ್ಲ ಮುಳ್ಳು, ಹೂವು ಮಾತ್ರ ತಿಳಿನೀಲಿ. ಅವಳ ತಾಯಿ ಆ ಎಲೆಯನ್ನು ಬಿಸಿಮಾಡಿ, ಜಜ್ಜಿ, ಬಲೆ ಎಳೆದು ಬಂದವರ ಭುಜಕ್ಕೂ ಮಂಡಿಗೂ ಕಟ್ಟುತ್ತಿದ್ದಳು. ಬೇರೆ ಮನೆಗಳಲ್ಲಿ ಕೆಮ್ಮಿಗೂ ಕುರುವಿಗೂ ಅದೇ. ಹಾಗಾಗಿ ಮಂಡಿನೋವಿನವರು ಬೇಕು ಅಂತ ಕಾಲೇಜಿನವರು ಕೇಳಿದಾಗ, ತವರಿನಿಂದ ಕರೆ ಬಂದಂತೆ ಹೊರಟುಬಿಟ್ಟಳು.

ಎಲೆ ಡಾಕ್ಟರು ಅಂತ ಎಲ್ಲರೂ ಕರೆಯುವ ಆ ಸಂಶೋಧಕರು ಮೊದಲ ದಿನವೇ ಹೇಳಿದ್ದರು: "ನೋಡಿ ಅಮ್ಮ, ನಿಮ್ಮಮ್ಮ ಕಟ್ಟಿದ್ದು ಸುಳ್ಳು ಅಂತ ನಾನು ಹೇಳಲ್ಲ. ಈ ಎಲೆಯ ರಸಕ್ಕೆ ಇಲಿಗಳ ಪಾದದ ಬಾವು ಇಳಿದಿದೆ. ಆದ್ರೆ ಇಲಿ ಹೊಲಿಗೆ ಮಿಷನ್ ತುಳಿಯಲ್ಲ. ಮನುಷ್ಯರಲ್ಲಿ ಏನಾಗುತ್ತೆ ಅಂತ ಇನ್ನೂ ನೋಡಬೇಕು."

"ಇಲಿ ಕೈಲೂ ತುಳಿಸಿ ನೋಡಬೇಕಿತ್ತು," ಅಂದಿದ್ದಳು ಹೊಲಿಗೆಯಮ್ಮ. ಅವರು ಬಿದ್ದು ಬಿದ್ದು ನಕ್ಕಿದ್ದರು.

ಲೇಪ ಎರಡು ಬಗೆ: ಒಂದರಲ್ಲಿ ಹೊಳೆಚುಳ್ಳಿ, ಇನ್ನೊಂದರಲ್ಲಿ ಮದ್ದಿನ ಗುಣವಿಲ್ಲದ ಯಾವುದೋ ಸೊಪ್ಪು. ವಾಸನೆಯಿಂದ ಗೊತ್ತಾಗದಿರಲಿ ಅಂತ ಎರಡಕ್ಕೂ ಪುದೀನ ಎಣ್ಣೆ. ಯಾರಿಗೆ ಯಾವುದು ಅನ್ನುವುದು ಕಟ್ಟುವ ನರ್ಸಿಗೂ ಗೊತ್ತಿಲ್ಲ.

ಆ ನರ್ಸು ಸಣ್ಣ ವಯಸ್ಸಿನ ಹುಡುಗಿ. ಗುರುವಾರ ಗುರುವಾರ ಲೇಪ ಕಟ್ಟಿ, ಸ್ಟೂಲು ಎಳೆದುಕೊಂಡು ಎದುರಿಗೆ ಕೂತು ಕೇಳುತ್ತಿದ್ದಳು: "ಎಲ್ಲಿ ನೋವು ದೊಡ್ಡಮ್ಮ? ಮೆಟ್ಟಿಲು ಹತ್ತುವಾಗಲೋ, ಇಳಿಯುವಾಗಲೋ? ಹತ್ತರಲ್ಲಿ ಎಷ್ಟು ಅಂತೀರಿ?"

ಎಷ್ಟು ಅಂತ ಹೇಳುವ ಮೊದಲು ಹೊಲಿಗೆಯಮ್ಮ ಮೆಟ್ಟಿಲಿನ ಕಥೆ ಹೇಳುತ್ತಿದ್ದಳು. ಮೆಟ್ಟಿಲಿನಿಂದ ಮಿಷನ್ನಿಗೆ, ಮಿಷನ್ನಿನಿಂದ ಗಂಡನಿಗೆ, ಗಂಡನಿಂದ ಅಪ್ಪನಿಗೆ ಹೋಗುತ್ತಿದ್ದಳು. ಹುಡುಗಿ ನಡುವೆ ಬಾಯಿ ಹಾಕುತ್ತಿರಲಿಲ್ಲ. ಹೊಲಿಗೆಯಮ್ಮ ಚಿಕ್ಕವಳಿದ್ದಾಗ ಅಪ್ಪ ಸಂಜೆ ರಾಗವಾಗಿ ಪದ್ಯ ಓದುತ್ತಿದ್ದರೆ, ಅವಳೂ ಅಮ್ಮನೂ ಕೈ ಕಟ್ಟಿ ಹೀಗೇ ಕೇಳುತ್ತಿದ್ದರು. ಹಾಗೆ ಕೇಳುವವರು ಸಿಗುವ ಭಾಗ್ಯ ತನಗೂ ಬಂತಲ್ಲ ಅಂತ ಅವಳಿಗೆ ಅನಿಸುತ್ತಿತ್ತು.

ಕೆಲವು ವಾರ ಕಳೆಯುವಷ್ಟರಲ್ಲಿ ಮಂಡಿ ನಿಜವಾಗಿಯೂ ಸಡಿಲವಾಯಿತು. ಅದೇ ಹೊತ್ತಿಗೆ ದಾರಿಯಲ್ಲಿ ಓರಗಿತ್ತಿ ಸಿಕ್ಕಳು. ಅವಳೂ ಮೊದಲು ಅಲ್ಲಿಗೇ ಹೋಗುತ್ತಿದ್ದವಳು.

"ನನ್ನ ನೋವು ಇಳೀತು, ಕಳಿಸಿಬಿಟ್ರು ಕಣೇ. ವಾಸಿಯಾದೋರು ಅವರಿಗೆ ಯಾಕೆ ಬೇಕು? ನೀನೂ ನಾಳೆ ನಾಡಿದ್ದರಲ್ಲಿ ನನ್ನ ಹಾಗೇ ಮನೇಲಿ ಗೋಡೆ ನೋಡ್ತಾ ಕೂರ್ತೀಯ."

ಮುಂದಿನ ಗುರುವಾರ ನರ್ಸು ಕೇಳಿದಾಗ ಹೊಲಿಗೆಯಮ್ಮ, "ಏಳು," ಅಂದಳು. ಮೂರು ಅನ್ನಬೇಕಿತ್ತು.

ಆಮೇಲೂ ಏಳೇ. ಕಟ್ಟಡದ ಗೇಟು ಕಂಡೊಡನೆ ಕಾಲು ತಾನಾಗಿ ಕುಂಟತೊಡಗುತ್ತಿತ್ತು. ಸಂಜೆ ಮಾತ್ರ ಕಷ್ಟವಾಗುತ್ತಿತ್ತು. ದೀಪ ಹಚ್ಚಿ, ಅಪ್ಪನ ಪದ್ಯ ಹೇಳಲು ಕಾಲು ಮಡಚಿದರೆ, ಮಂಡಿ ಬೆಣ್ಣೆ ಸವರಿದಂತೆ ಸಲೀಸಾಗಿ ಮಡಚಿಕೊಳ್ಳುತ್ತಿತ್ತು. ದೇವರ ಮುಂದೆ ಏಳು ಅನ್ನುವ ಹಾಗಿರಲಿಲ್ಲ. ಅರ್ಧಕ್ಕೇ ನಿಲ್ಲಿಸಿ ಎದ್ದುಬಿಡುತ್ತಿದ್ದಳು.

ಹೀಗಿರುವಾಗ ಒಂದು ಗುರುವಾರ ಎಲೆ ಡಾಕ್ಟರೇ ಒಳಗೆ ಬಂದರು. ಸ್ಟೂಲಿನಲ್ಲಿ ಕೂರದೆ ಕಿಟಕಿಗೆ ಒರಗಿ ನಿಂತರು.

"ಅಮ್ಮ, ಇಷ್ಟು ದಿನ ಆದ್ರೂ ನಿಮ್ಮ ನೋವು ಜಗ್ಗಿಲ್ಲ. ಸುಮ್ನೆ ಲೇಪ ಹಚ್ಚಿ ಕೂರಿಸೋದು ತಪ್ಪಾಗುತ್ತೆ. ಮೂಳೆ ಡಾಕ್ಟರಿಗೆ ಹೇಳಿದ್ದೀನಿ. ಅಲ್ಲಿ ವಾರವಾರ ವ್ಯಾಯಾಮ ಮಾಡಿಸ್ತಾರೆ, ಕೂರಿಸಿಕೊಂಡು ವಿಚಾರಿಸ್ತಾರೆ."

"ಹಾಗಾದ್ರೆ ಇಲ್ಲಿಗೆ?"

"ಇಲ್ಲಿಗೆ ಇನ್ನು ಬೇಡ."

"ಮತ್ತೆ ನನ್ನದನ್ನ ಏನಂತ ಬರೀತೀರಿ?"

"ಲೇಪದಿಂದ ಉಪಯೋಗ ಆಗಲಿಲ್ಲ ಅಂತ."

ಹೊಲಿಗೆಯಮ್ಮ ಸೆರಗಿನ ತುದಿ ಹಿಡಿದು, ಇಲ್ಲದ ಹೊಲಿಗೆಯನ್ನು ಉಗುರಿನಿಂದ ಬಿಡಿಸುತ್ತ ಕೂತಳು. ಸುಮ್ಮನಿದ್ದರೆ ಇನ್ನೊಂದು ಕೋಣೆ, ಇನ್ನೊಂದು ಸ್ಟೂಲು, ಎಲ್ಲಿ ನೋವು ಅಂತ ಕೇಳುವ ಇನ್ನೊಂದು ಮುಖ. ಬಾಯಿ ಬಿಟ್ಟರೆ ಅದೂ ಇಲ್ಲ. ಅಮ್ಮ ಕೆಸರಲ್ಲಿ ಕಾಲಿಟ್ಟು, ಮುಳ್ಳು ತಪ್ಪಿಸಿ ಎಲೆ ಕೀಳುತ್ತಿದ್ದದ್ದು ಕಣ್ಣಿಗೆ ಕಟ್ಟಿತು.

"ಮೂರು," ಅಂದಳು.

"ಏನು ಮೂರು?"

"ನೋವು. ತುಂಬಾ ದಿನದಿಂದ ಮೂರೇ. ನಾನೇ ಏಳು ಏಳು ಅಂತಿದ್ದೆ. ವಾಸಿಯಾದ್ರೆ ಕಳಿಸ್ತೀರಿ ಅಂತ ನಮ್ಮ ಓರಗಿತ್ತಿ ಹೇಳಿದ್ಲು."

ನರ್ಸು ಪೆನ್ನಿನ ಮುಚ್ಚಳ ಹಾಕಿದಳು. ಎಲೆ ಡಾಕ್ಟರು ಬಂದು ಕೂತರು.

"ಯಾರು ಹೇಳಿದ್ದಮ್ಮ ಹಾಗೆ? ಅವರ ಅವಧಿ ಮುಗಿದಿತ್ತು, ಹೋದ್ರು. ವಾಸಿಯಾದೋರು ಕೊನೇವರೆಗೂ ಬರಬೇಕು, ಅವರೇ ನಮಗೆ ಮುಖ್ಯ. ನಿಮಗಿನ್ನೂ ಎಷ್ಟೋ ವಾರ ಇತ್ತಲ್ಲ."

ಹೊಲಿಗೆಯಮ್ಮ ಅವರ ಮುಖವನ್ನೇ ನೋಡಿದಳು. "ಈಗ ಮೂರು ಅಂತ ತಿದ್ದಿಕೊಂಡ್ರಾಯ್ತಲ್ಲ."

"ಯಾವ ವಾರದ ಮಾತು ನಂಬಲಿ, ನೀವೇ ಹೇಳಿ," ಅಂದರು. ದನಿಯಲ್ಲಿ ಕೋಪ ಇರಲಿಲ್ಲ. ಇದ್ದಿದ್ದರೆ ಅವಳಿಗೆ ಹಗುರಾಗುತ್ತಿತ್ತು. "ಏಳು ಅಂತಲೂ ಬರೆಯೋ ಹಾಗಿಲ್ಲ, ಮೂರು ಅಂತಲೂ ಬರೆಯೋ ಹಾಗಿಲ್ಲ. ನಿಮ್ಮದನ್ನ ಪೂರ್ತಿ ಬಿಟ್ಟುಬಿಡಬೇಕು."

"ನನಗೆ ಕಟ್ಟಿದ್ದು ನಮ್ಮಮ್ಮನ ಎಲೆನಾ?"

"ನನಗೂ ಗೊತ್ತಿಲ್ಲ. ಎಲ್ಲರದೂ ಮುಗಿಯೋ ತನಕ ನೋಡೋ ಹಾಗಿಲ್ಲ. ಅದೇ ಆಗಿದ್ರೂ, ನೋವು ಇಳಿದದ್ದು ಎಲೆಯಿಂದಲೋ, ಮಿಷನ್ ತುಳಿಯೋದು ಬಿಟ್ಟದ್ದರಿಂದಲೋ, ಒಬ್ಬರನ್ನ ನೋಡಿ ಹೇಳಕ್ಕಾಗಲ್ಲ."

"ಅಥವಾ ಇವಳು ಕೇಳಿದ್ದರಿಂದಲೋ," ಅಂದಳು ಹೊಲಿಗೆಯಮ್ಮ, ನರ್ಸಿನ ಕಡೆ ತಿರುಗದೆ.

ಎಲೆ ಡಾಕ್ಟರು ಅವಳ ಹಾಳೆಗೆ ಅಡ್ಡಗೆರೆ ಎಳೆದರು.

ನರ್ಸು ರೂಢಿಯಂತೆ ಮೊಣಕೈ ಹಿಡಿದು ಮೆಟ್ಟಿಲಿನವರೆಗೆ ಬಂದಳು. ಕೆಳಗೆ ಇನ್ನೊಬ್ಬರು ಮಂಡಿ ಹಿಡಿದುಕೊಂಡು ಕಾಯುತ್ತಿದ್ದರು.

"ಬಿಡು ತಾಯಿ. ಅವರನ್ನ ಹತ್ತಿಸು ಹೋಗು."

ಇಷ್ಟು ದಿನ ಮನೆಗೆ ಹೋಗುವಾಗ ಅವಳು ಸೇತುವೆಯ ಕಟ್ಟೆಯ ಮೇಲೊಮ್ಮೆ, ಅಂಚೆ ಕಚೇರಿಯ ನೆರಳಲ್ಲೊಮ್ಮೆ ಕೂರುತ್ತಿದ್ದಳು. ಯಾರಾದರೂ ಕಂಡು, "ಏನು, ಕಾಲು ನೋವಾ?" ಅಂತ ಕೇಳುವುದೂ ಇತ್ತು. ಇಂದು ಕೂರಲು ಕಾರಣವೇ ಇರಲಿಲ್ಲ. ಚೆನ್ನಾಗಿ ನಡೆಯುವ ಮುದುಕಿಯನ್ನು ಯಾರೂ ತಡೆದು ಮಾತಾಡಿಸಲಿಲ್ಲ. ಮನೆ ಬೇಗ ಬಂದುಬಿಟ್ಟಿತು. ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತಿ, ಬೀಗ ತೆಗೆದು, ಒಳಗೆ ಹೋಗಿ ಕೂತಳು. ಇನ್ನೂ ಬೆಳಗಿನ ಹೊತ್ತೇ ಆಗಿತ್ತು.