ಸೀಸೆಯೊಳಗೊಂದು ಸುಂಟರಗಾಳಿ

ನೊರೆ, ಬರೀ ನೊರೆ, ಸೀಸೆಯ ಕುತ್ತಿಗೆವರೆಗೂ ನೊರೆಯೇ — ಒಂದು ತೊಟ್ಟು ಸಾಕಿತ್ತು, ಪಾತ್ರೆ ತೊಳೆಯುವ ಸೋಪನ್ನು ಅಭ್ಯಾಸಬಲದಿಂದ ಒಂದು ಚಮಚ ಸುರಿದೆ, ಚೆಲ್ಲು, ಮತ್ತೆ ತುಂಬು, ವ್ಯಾಯಾಮ ಮಾಡಿಸುವ ಹುಡುಗಿ ಬರುವುದು ಹನ್ನೊಂದಕ್ಕೆ, ಅಷ್ಟರೊಳಗೆ ಇವರ ಬಲಗೈ ಏನಾದರೂ ಮಾಡೀತೇ, ಪಾರ್ಶ್ವವಾಯು ಹೊಡೆದು ಏಳು ವಾರ, ಬೇರೆ ಯಾರದೋ ಕೈಯಂತೆ ಮಡಿಲಲ್ಲಿ ಬಿದ್ದಿರುತ್ತದೆ, ಮೂವತ್ತು ವರ್ಷ ತರಗತಿಯಲ್ಲಿ ಸೀಸೆ ತಿರುಗಿಸಿ ಸುಂಟರಗಾಳಿ ತೋರಿಸಿದ ಕೈ, ಅಲ್ಲಾಡಿಸ್ಬೇಡ್ರೋ, ತಿರುಗ್ಸಿ, ಅನ್ನುತ್ತಿದ್ದರಂತೆ, ನಾನು ನೋಡಿದವಳೇ ಅಲ್ಲ, ಮನೆಯಲ್ಲಿ ಒಂದು ದಿನವೂ ಮಾಡಿ ತೋರಿಸಿ ಎಂದು ಕೇಳಲಿಲ್ಲ. ಹಿಸುಕಲು ಕೊಟ್ಟ ಚೆಂಡನ್ನು ಕೆಳಗೆ ಬಿಡುತ್ತಾರೆ, ನಾನು ಎತ್ತಿಕೊಡುತ್ತೇನೆ, ಗುಂಡಿ ನಾನೇ ಹಾಕುತ್ತೇನೆ, ಬಾಯಿ ಒರೆಸುತ್ತೇನೆ, ಆ ಹುಡುಗಿ ನಿನ್ನೆ ನಗುತ್ತಲೇ ಹೇಳಿದಳು, ಅಮ್ಮಾ, ನಿಮ್ಮ ಕೈ ಸ್ವಲ್ಪ ಸುಮ್ನಿದ್ರೆ ಅವರ ಕೈಗೆ ಕೆಲ್ಸ ಸಿಗತ್ತೆ — ಚುರುಕ್ಕೆಂದಿತು, ನಿಜವಾದ್ದರಿಂದಲೇ. ಮಿನುಗು ಪುಡಿ ಎಲ್ಲಿಟ್ಟೆ, ಇಲ್ಲಿ, ಕೆಳಗಿನ ಮನೆಯ ದರ್ಜಿ ಚಿಟಿಕೆ ಕೇಳಿದ್ದಕ್ಕೆ ಹಿಡಿ ಕೊಟ್ಟ ಪೊಟ್ಟಣ, ಮೇಲೆ ಪೆನ್ಸಿಲಿನಲ್ಲಿ, ಫ್ಯಾನ್ ಆರಿಸಿ ಬಿಚ್ಚಿ, ಇಷ್ಟನ್ನೂ ಯೋಚಿಸಿದ್ದಾನಲ್ಲ ಪುಣ್ಯಾತ್ಮ.

ನೀರು ಮುಕ್ಕಾಲು, ಸೋಪು ಒಂದೇ ತೊಟ್ಟು, ಮಿನುಗು ಒಂದು ಚಿಟಿಕೆ, ಮುಚ್ಚಳ ಬಿಗಿ, ಇನ್ನೂ ಬಿಗಿ, ಅವರೆದುರಿನ ಮೇಜಿಗೆ ತಂದು, ಗೊತ್ತಿದ್ದೂ ಬೇಕೆಂದೇ ಗಡಗಡ ಅಲ್ಲಾಡಿಸಿದೆ, ರೀ, ಇದು ಬರ್ತಾನೇ ಇಲ್ಲ, ಹೇಗ್ರೀ ಮಾಡೋದು — ಹುಬ್ಬು ಗಂಟಿಕ್ಕಿದರು, ದಡ್ಡ ವಿದ್ಯಾರ್ಥಿಯನ್ನು ನೋಡುವ ಹಾಗೆ, ಬಾಯಿ ಸೊಟ್ಟಗೆ ತೆರೆಯಿತು, ಅಲ್... ಅಲ್ಲಾಡಿಸ್ತಾಳೆ, ಪೆದ್ದಿ — ಏಳು ವಾರದಲ್ಲಿ ಮೊದಲ ಬೈಗುಳ, ನಗು ನುಂಗಿಕೊಂಡೆ. ಎಡಗೈ ಬಲಗೈಯನ್ನು ಎತ್ತಿ ಸೀಸೆಯ ಮೇಲಿಟ್ಟಿತು, ಬೆರಳು ಜಾರಿತು, ಮತ್ತೆ ಇಟ್ಟಿತು, ಅಯ್ಯೋ, ಎಡಗೈ ಯಾಕೆ ತೆಗೆದಿರಿ, ಸೀಸೆ ಅಂಚಿಗೆ ಸರಿಯುತ್ತಿದೆ, ಹಿಡಿಯಲೇ, ಬೇಡ, ಗಾಜು, ಒಡೆದರೆ ಗುಡಿಸಿದರಾಯಿತು, ನನ್ನೆರಡು ಕೈಗಳನ್ನೂ ತೊಡೆಯ ಕೆಳಗೆ ಹಾಕಿ ಕೂತಿದ್ದೇನೆ, ಅವರ ಹೆಬ್ಬೆರಳು ನಡುಗುತ್ತದೆ, ಮಣಿಕಟ್ಟು ಅರ್ಧ ಸುತ್ತು, ಒಂದು ಸುತ್ತು, ನೀರು ಓರೆಯಾಗುತ್ತದೆ, ಮಿನುಗೆಲ್ಲ ನಡುವಿಗೆ ಓಡುತ್ತದೆ, ಅಲ್ಲೊಂದು ಸಣ್ಣ ಗುಳಿ, ಗುಳಿಯಿಂದ ಒಂದು ಎಳೆ, ಸುತ್ತುತ್ತಾ ಇಳಿಯುವ ಬೆಳ್ಳಿ ಎಳೆ, ನಿಲ್ಲಿಸಬೇಡಿ, ಅನ್ನಬಾರದು, ಅನ್ನಲಿಲ್ಲ, ಎಳೆ ಇನ್ನೂ ಇಳಿಯುತ್ತದೆ, ತಳಕ್ಕೆ ಇನ್ನು ಒಂದೇ ಬೆರಳು, ಎಳೆ, ಆ ಎಳೆ —