ಮ್ಯಾಂಗ್ ತಾತನ ರೇಡಿಯೋ

ಗೊಕ್ಸೊಂಗ್‌ನಿಂದ ಗುರ್ಯೆಯ ಕಡೆಗೆ ಸೊಮ್ಜಿನ್ ನದಿಯ ಜೊತೆಜೊತೆಗೇ ಹೋಗುವ ಸೈಕಲ್ ದಾರಿಯಲ್ಲಿ ಮ್ಯಾಂಗ್ ತಾತನನ್ನು ಬೈಯದವರಿಲ್ಲ. ಹ್ಯಾಂಡಲ್‌ಗೆ ರೇಡಿಯೋ ಕಟ್ಟಿ, ಹಳೇ ಕಾಲದ ಕುಣಿತದ ಹಾಡುಗಳನ್ನು ಎದುರು ಬೆಟ್ಟಕ್ಕೂ ಕೇಳಿಸುತ್ತಾ ಹೋಗುವುದು ಅವರ ಅಭ್ಯಾಸ. ಒಂದು ಕಾಲಕ್ಕೆ ಲಾರಿಯಲ್ಲಿ ಮೀನು ತುಂಬಿಕೊಂಡು, ಮೈಕಿನಲ್ಲಿ ಕೂಗುತ್ತಾ ಊರೂರು ಸುತ್ತಿದವರು. ಸದ್ದಿಲ್ಲದೆ ಮುಂದಕ್ಕೆ ಹೋಗುವುದು ಅವರಿಗೆ ಬರುವುದಿಲ್ಲ. ಕಾರು, ಬಸ್ಸಿನ ಕಾಟವಿಲ್ಲದ ದಾರಿಯೆಂದು ಸಿಯೋಲ್‌ನಿಂದ ರೈಲು ಹತ್ತಿ ಬಂದವರು ಇವರನ್ನು ಕಂಡು ಮುಖ ಗಂಟು ಹಾಕುತ್ತಾರೆ. ನಾನೂ ಹಾಕಿದ್ದೆ.

ಅದನ್ನು ಇನ್ನೂ ಜೋರು ಮಾಡಿ ಎಂದು ಕೇಳಿದ ಮೊದಲನೆಯವಳು ನನ್ನ ಮಗಳು ಸೊಲ್ಬಿ.

ಅವಳಿಗೆ ಹದಿನೈದು. ಕಣ್ಣಿನೊಳಗಿನ ಪರದೆ ಅಂಚಿನಿಂದ ಒಣಗುತ್ತಾ ಬರುವ ಕಾಯಿಲೆ. ಸುರುಳಿ ಸುತ್ತಿದ ಪತ್ರಿಕೆಯೊಳಗಿಂದ ನೋಡಿದ ಹಾಗೆ ನಡುವಿನ ಒಂದು ತುಂಡು ಮಾತ್ರ ಕಾಣುತ್ತದೆ, ಅಕ್ಕಪಕ್ಕ ಏನೂ ಇಲ್ಲ. ಬಿಸಿಲಿನಿಂದ ಮರದ ನೆರಳಿಗೆ ಹೊಕ್ಕರೆ ಆ ತುಂಡೂ ಸ್ವಲ್ಪ ಹೊತ್ತು ಕಪ್ಪಾಗಿಬಿಡುತ್ತದೆ. ಹಾಗೆ ಕಪ್ಪಾದಾಗ ಮುಂದೆ ಹೋಗುವ ಹಾಡು ಯಾವ ಕಡೆಗೆ ವಾಲಿತು ಎಂದು ಕಿವಿಗೊಟ್ಟು ಅವಳು ತಿರುವು ಹಿಡಿಯುತ್ತಿದ್ದಳು.

"ನೋಡಿದ್ರಾ ಸೊಲ್ಬಿ ಅಮ್ಮ, ನನ್ನ ಹಾಡಿನ ಬೆಲೆ ಗೊತ್ತಿರೋಳು ಈ ದಾರಿಲಿ ಒಬ್ಬಳಾದ್ರೂ ಇದ್ದಾಳೆ" ಎಂದು ತಾತ ಬೀಗಿದ್ದರು.

"ಹಾಡು ಕೆಟ್ಟದಾಗಿದೆ ತಾತ, ಸದ್ದು ಚೆನ್ನಾಗಿದೆ" ಎಂದಿದ್ದಳು ಇವಳು.

ಅಂದಿನಿಂದ ಪ್ರತಿ ಭಾನುವಾರ ತಾತ ಮುಂದೆ, ಸೊಲ್ಬಿ ನಡುವೆ, ನಾನು ಹಿಂದೆ. ತಿರುವು ಬಂದಾಗಲೆಲ್ಲ ಅವಳು ಒಮ್ಮೆ ಬೆಲ್ ಹೊಡೆಯಬೇಕು. ಅದು ತಾತನಿಗೆ ಗುರುತು. ವಾರವಿಡೀ ಶಾಲೆಯ ಅಡುಗೆಮನೆಯಲ್ಲಿ ದೊಡ್ಡ ದೊಡ್ಡ ಪಾತ್ರೆ ತಿರುವಿ, ಶನಿವಾರ ಲಾಂಡ್ರಿಯಲ್ಲಿ ಇಸ್ತ್ರಿ ಹಾಕಿ, ಭಾನುವಾರ ಬೆಳಿಗ್ಗೆ ನನ್ನ ಸೊಂಟ ಸೈಕಲ್ ಬೇಡ ಎನ್ನುತ್ತಿತ್ತು. ಆದರೂ ಹೋಗುತ್ತಿದ್ದೆ. ಹಿಂದಿನಿಂದ ದಾರಿಯುದ್ದಕ್ಕೂ ಕೂಗುತ್ತಿದ್ದೆ. ಬಲಕ್ಕೆ ಬಾ, ನಿಧಾನ, ಕಲ್ಲಿದೆ, ಎದುರಿಗೆ ಯಾರೋ ಬಂದ್ರು.

ಬೇಸಿಗೆ ಮುಗಿಯುವಷ್ಟರಲ್ಲಿ ಆ ನಡುವಿನ ತುಂಡು ಇನ್ನೂ ಚಿಕ್ಕದಾಗಿತ್ತು. ಸೈಕಲ್ ನಿಲ್ಲಿಸಿಬಿಡಿ ಎಂದರು ಡಾಕ್ಟರು. ಇಬ್ಬರು ಕೂತು ತುಳಿಯುವ ಜೋಡಿ ಸೈಕಲ್ ಇದೆಯಲ್ಲ, ಮುಂದೆ ನೀವು ಕೂರಿ, ಹಿಂದೆ ಅವಳು ಕೂರಲಿ ಎಂದರು. ಸೊಲ್ಬಿ ಮನೆಗೆ ಬಂದು ಚಪ್ಪಲಿ ಬಿಡುತ್ತಾ ಕೇಳಿದಳು.

"ಒಂದು ಸಲ ನೀನು ಕೂಗದೆ ಬರ್ತೀಯಾ? ಗುರ್ಯೆವರೆಗೂ ನಾನೇ ಹೋಗ್ತೀನಿ. ಹೋದ್ರೆ ನನ್ನ ಸೈಕಲ್ ನನಗೆ. ಆಗ್ದೇ ಇದ್ರೆ ಜೋಡಿ ಸೈಕಲ್, ಮತ್ತೆ ಬಾಯಿ ಬಿಡಲ್ಲ."

"ಹಿಂದೆ ನಾನಿರೋದ್ರಿಂದ ಏನು ತೊಂದರೆ ನಿನಗೆ?"

"ನೀನು ಕೂಗ್ತಾ ಇದ್ರೆ ರೇಡಿಯೋ ಕೇಳ್ಸಲ್ಲ ಅಮ್ಮ."

ಒಪ್ಪಿಕೊಂಡೆ.

ಆ ಭಾನುವಾರ ದಂಡೆಯುದ್ದಕ್ಕೂ ಕಾಸ್ಮಾಸ್ ಹೂ ಬಿಟ್ಟಿತ್ತು. ಆಚೆ ಬೆಟ್ಟದ ಬುಡದ ಮರಗಳಲ್ಲಿ ಪರ್ಸಿಮನ್ ಹಣ್ಣು ಕೆಂಪಗಾಗುತ್ತಿತ್ತು. ತಾತ "ತಿಂಡಿ ಆಯ್ತಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ನನ್ನ ಚೀಲದಿಂದ ಕಿಂಬಾಪ್ ಅನ್ನದ ಸುರುಳಿ ತೆಗೆದು ಬಾಯಿಗಿಟ್ಟರು. "ಇವತ್ತು ಪರೀಕ್ಷೆಯಂತೆ. ಮೇಷ್ಟ್ರ ಹೊಟ್ಟೆ ಹಸಿದಿರಬಾರದು."

ಅರ್ಧ ದಾರಿ ಚೆನ್ನಾಗಿಯೇ ಕಳೆಯಿತು. ತಿರುವಿಗೊಮ್ಮೆ ಬೆಲ್ ಕೇಳಿಸುತ್ತಿತ್ತು. ನಾನು ಹಲ್ಲು ಕಚ್ಚಿಕೊಂಡು ಬಂದೆ. ಆಮೇಲೆ ದಾರಿ ನದಿಯನ್ನು ಬಿಟ್ಟು ಒಂದು ಗುಡ್ಡ ಹತ್ತುತ್ತದೆ. ಅಲ್ಲಿ ನನ್ನ ಸೊಂಟ ಕೈಕೊಟ್ಟಿತು. ಅವರಿಬ್ಬರೂ ಮುಂದೆ ಹೋದರು. ಅಷ್ಟರಲ್ಲಿ ಹಿಂದಿನಿಂದ ಒಂದೇ ಬಣ್ಣದ ಟೋಪಿ ಹಾಕಿದ ಐದಾರು ಮುದುಕರು ಬಂದರು.

"ಪಕ್ಕದಲ್ಲಿ ಬರ್ತಿದೀವಮ್ಮ."

"ಇಳಿದು ತಳ್ಳಿದ್ರೆ ಯಾರೂ ನಗಲ್ಲ. ನಾವು ಮಾತ್ರ ನಗ್ತೀವಿ."

ನಗುತ್ತಲೇ ದಾಟಿದರು. ಅವರ ಹ್ಯಾಂಡಲ್‌ನಲ್ಲೂ ರೇಡಿಯೋ ಇತ್ತು. ಭಾನುವಾರ ಬೆಳಿಗ್ಗೆ ಈ ಕಣಿವೆಯ ಮುದುಕರೆಲ್ಲ ಕೇಳುವುದು ಒಂದೇ ಕಾರ್ಯಕ್ರಮ. ಅದೇ ಗಾಯಕಿ, ಅದೇ ಅಳು, ಅದೇ ತಾಳ. ಆಗ ನನಗೆ ಏನೂ ಹೊಳೆಯಲಿಲ್ಲ.

ಗುಡ್ಡದ ನೆತ್ತಿ ಮುಟ್ಟಿದಾಗ ಕೆಳಗಿನ ದಾರಿಯೆಲ್ಲ ಕಣ್ಣಿಗೆ ಬಿತ್ತು. ಇಳಿಜಾರಿನ ತುಂಬ ಚೆಸ್ಟ್‌ನಟ್ ಮರಗಳ ದಟ್ಟ ನೆರಳು. ನೆರಳು ಮುಗಿದಲ್ಲಿ ದಾರಿ ಎರಡಾಗುತ್ತದೆ. ನೇರ ಹೋದರೆ ನದಿದಡದ ಏರಿ, ಬಲಕ್ಕಿಳಿದರೆ ತಗ್ಗು ಸೇತುವೆ. ಮಳೆಗಾಲದಲ್ಲಿ ನೀರು ಮೇಲೆಯೇ ಹರಿದುಹೋಗಲಿ ಎಂದು ಕಟ್ಟಿದ ಸೇತುವೆ ಅದು. ಅದಕ್ಕೆ ಕಂಬಿಯಿಲ್ಲ. ಮೇಲಿನ ಒಡ್ಡಿನಿಂದ ನೀರು ಬಿಟ್ಟಿದ್ದರು. ನದಿ ಕಂದು ಬಣ್ಣವಾಗಿ, ಕಾಂಕ್ರೀಟಿನ ಅಂಚನ್ನು ನೆಕ್ಕುತ್ತಾ ಹೋಗುತ್ತಿತ್ತು.

ತಾತ ನೇರ ಹೋದರು. ಟೋಪಿಯವರು ಸೊಲ್ಬಿಯನ್ನು ನೆರಳಿನಲ್ಲಿ ದಾಟಿ ಬಲಕ್ಕಿಳಿದರು. ಒಂದೇ ಹಾಡು ಎರಡಾಗಿ ಸೀಳಿಕೊಂಡು ಹೋಯಿತು. ಹತ್ತಿರವಿದ್ದ ಹಾಡಿನ ಹಿಂದೆ ನನ್ನ ಮಗಳು ಬಲಕ್ಕಿಳಿದಳು.

ಕೂಗಲು ಬಾಯಿ ತೆರೆದೆ. ಕೂಗಿದರೆ ಅವಳು ತಲೆ ತಿರುಗಿಸುತ್ತಾಳೆ, ತಲೆಯ ಜೊತೆ ಹ್ಯಾಂಡಲ್ಲೂ ತಿರುಗುತ್ತದೆ. ಅವಳು ಆಗಲೇ ಸೇತುವೆಯ ಮೇಲಿದ್ದಳು. ಬಾಯಿ ಮುಚ್ಚಿಕೊಂಡೆ. ಬ್ರೇಕ್ ಬಿಟ್ಟು ಆ ಇಳಿಜಾರನ್ನು ಹೇಗೆ ಇಳಿದೆನೋ ನನಗೆ ಗೊತ್ತಿಲ್ಲ.

ಮುದುಕರು ಬೇಗನೆ ಆಚೆ ದಡ ಸೇರಿ ಮರೆಯಾದರು. ನೀರಿನ ಮೊರೆತ ಅವರ ಹಾಡನ್ನು ನುಂಗಿತು. ನಡುಸೇತುವೆಯಲ್ಲಿ ಸೊಲ್ಬಿಯ ಸೈಕಲ್ ನಿಧಾನವಾಯಿತು, ಒಮ್ಮೆ ಎಡಕ್ಕೆ ವಾಲಿತು, ನಿಂತಿತು. ಅವಳು ಎಡಗಾಲು ಕೆಳಗಿಟ್ಟಳು. ಆ ಕಾಲಿಗೂ ನೀರಿಗೂ ನಡುವೆ ಒಂದು ಗೇಣು ಕಾಂಕ್ರೀಟ್ ಇತ್ತು. ಅದು ಅವಳಿಗೆ ಕಾಣುತ್ತಿರಲಿಲ್ಲ. ನನಗೆ ಕಾಣುತ್ತಿತ್ತು.

ನಾನು ಸೇತುವೆಯ ಬಾಯಲ್ಲಿ ಸೈಕಲ್ ಕೆಡವಿದೆ. ಅವಳು ಕದಲದೆ ನಿಂತು ಬೆಲ್ ಹೊಡೆದಳು. ಒಮ್ಮೆ. ಕಾದು ಮತ್ತೊಮ್ಮೆ.

ಮುಂದಿನ ತಿರುವಿನಲ್ಲಿ ಬೆಲ್ ಕೇಳಿಸದೆ ತಾತ ವಾಪಸು ತಿರುಗಿದ್ದರು. ಏದುಸಿರು ಬಿಡುತ್ತಾ ನನ್ನ ಪಕ್ಕಕ್ಕೆ ಬಂದರು. ಸೇತುವೆಯನ್ನು ನೋಡಿದವರೇ ರೇಡಿಯೋವನ್ನು ಹ್ಯಾಂಡಲ್‌ನಿಂದ ಬಿಚ್ಚಿದರು. ಸೇತುವೆಯ ಬಾಯಲ್ಲಿ ಸರಿ ನಡುವೆ ನಿಂತು ಎರಡೂ ಕೈಯಲ್ಲಿ ಎತ್ತಿ ಹಿಡಿದರು.

ಸೊಲ್ಬಿ ಕಿವಿ ಇತ್ತ ತಿರುಗಿಸಿದಳು. ಸೈಕಲ್ಲಿನಿಂದ ಬಲಗಡೆಗೆ ಇಳಿದಳು. ಎಡಗಡೆಗೆ ಇಳಿಯಬಹುದಿತ್ತು. ಹಿಂದಿನ ಚಕ್ರ ಎತ್ತಿ, ಇದ್ದಲ್ಲೇ ಸೈಕಲ್ ತಿರುಗಿಸಿ, ಒಂದೊಂದೇ ಹೆಜ್ಜೆ ಹಾಕಿ ತಳ್ಳುತ್ತಾ ಬಂದಳು. ಮಣ್ಣು ಮುಟ್ಟಿದ ಮೇಲೆ ಸೈಕಲ್ ನಿಲ್ಲಿಸಿದಳು.

"ನಾನೇ ನಿಂತೆ" ಎಂದಳು. "ನೀನು ಹೇಳ್ಲಿಲ್ಲ, ನಾನೇ ನಿಂತೆ."

"ಹೌದು."

"ಅಂಚು ಎಷ್ಟು ದೂರ ಇತ್ತು?"

ಸುಳ್ಳು ಹೇಳಬಹುದಿತ್ತು. ಕೈ ಹಿಡಿದು, ಅವಳ ಅಂಗೈ ಮೇಲೆ ನನ್ನ ಗೇಣು ಇಟ್ಟು ತೋರಿಸಿದೆ. ಅವಳು ಆ ಕೈಯನ್ನು ಜೇಬಿಗೆ ಹಾಕಿಕೊಂಡಳು.

"ತಪ್ಪು ನಂದು" ಎಂದರು ತಾತ. "ಹಿಂದೆ ತಿರುಗಿ ನೋಡೋ ಅಭ್ಯಾಸಾನೇ ಇಲ್ಲ ನನಗೆ. ಮೀನು ಮಾರೋವಾಗ್ಲೂ ಗಿರಾಕಿ ಓಡಿ ಬರ್ತಿದ್ರು, ನಾನು ಹೋಗ್ತಾನೇ ಇರ್ತಿದ್ದೆ."

"ಬಿಡಿ ತಾತ. ಪರೀಕ್ಷೆ ನಂದು." ಅವಳು ಸೀಟಿನ ಮೇಲೆ ಕೈಯಾಡಿಸಿದಳು. "ಮುಂದಿನ ವಾರ ಜೋಡಿ ಸೈಕಲ್ ತರೋಣ. ಆದ್ರೆ ಮುಂದೆ ತಾತ ಕೂರ್ಲಿ. ನೀನು ಇಳಿಜಾರಿಡೀ ಬ್ರೇಕ್ ಹಿಡ್ಕೊಂಡೇ ಇರ್ತೀಯ."

ಬೇಡ, ಇನ್ನೊಂದು ಸಲ ನೋಡೋಣ ಎಂಬ ಮಾತು ನಾಲಿಗೆಯ ತುದಿವರೆಗೂ ಬಂತು. ಆ ಒಂದು ಗೇಣು ನೆನಪಾಗಿ ನುಂಗಿಕೊಂಡೆ.

"ಗುರ್ಯೆಗೆ ಇನ್ನು ಏರಿ ಮೇಲಿನ ದಾರಿ. ಗುಡ್ಡ ಇಲ್ಲ, ಸೇತುವೆ ಇಲ್ಲ" ಎಂದೆ. "ಅಲ್ಲಿವರೆಗೂ ಓಡ್ಸು."

ಹೊರಡುವ ಮುಂಚೆ ತಾತ ರೇಡಿಯೋ ತಿರುಗಿಸುತ್ತಾ ನಿಂತರು. ಬೇರೆ ಯಾವ ಮುದುಕನೂ ಕೇಳದ ಸ್ಟೇಷನ್ ಬೇಕು ಎಂದರು. ಕೊನೆಗೊಂದು ಸಿಕ್ಕಿತು. ಯಾರೋ ಒಬ್ಬ ನಿದ್ದೆಗಣ್ಣಿನ ದನಿಯಲ್ಲಿ ಎಲೆಕೋಸು, ಮೂಲಂಗಿಯ ಮಾರುಕಟ್ಟೆ ದರ ಓದುತ್ತಿದ್ದ. ಆ ದನಿಯ ಹಿಂದೆ ನನ್ನ ಮಗಳು ಹೊರಟಳು. ಏರಿಯ ಮೇಲೆ ಬಿಸಿಲಿತ್ತು. ಅವಳು ಎಂದಿಗಿಂತ ಜೋರಾಗಿ ತುಳಿಯುತ್ತಿದ್ದಳು. ಬೆನ್ನು ಬಾಗಿಸಿದ್ದಳು, ಜಡೆ ಒಂದು ಕಡೆಗೆ ಹಾರುತ್ತಿತ್ತು. ನನಗೆ ಹಿಂದೆ ಬೀಳದೆ ಬರುವುದೇ ಕಷ್ಟವಾಯಿತು.

ಗುರ್ಯೆಯ ಮನೆಗಳು ಕಾಣತೊಡಗಿದಾಗ ಅವಳ ಕಾಲು ನಿಧಾನವಾಯಿತು.

"ಅಮ್ಮ, ಹಿಂದೆ ಇದ್ದೀಯಾ?"

"ಇದ್ದೀನಿ."

"ಏನಾದ್ರೂ ಹೇಳ್ತಾ ಬಾ."

ಇಷ್ಟು ದಿನ ಕೂಗಿದ ಹಾಗೆ ಕೂಗಲು ದಾರಿಯಲ್ಲಿ ಕಲ್ಲಿರಲಿಲ್ಲ, ಎದುರಿಗೆ ಯಾರೂ ಬರುತ್ತಿರಲಿಲ್ಲ. ಕಂಡದ್ದನ್ನೇ ಹೇಳಿದೆ.

"ದಾರಿ ಖಾಲಿ ಇದೆ ಮಗಳೇ. ಊರಿನವರೆಗೂ ಖಾಲಿ ಇದೆ."