ಹುಣಸೆ ನೀರಿನ ಬಟ್ಟಲು

"ಎಷ್ಟು ಹೊತ್ತು ತಿಕ್ಕಿದ್ರಿ ಕಾಕಾ?"

ಮಕ್ತಲ್ ಬಸ್ಸಿಳಿದು ಆಗಷ್ಟೇ ಗದ್ವಾಲಿನ ಕಾಲೇಜಿಗೆ ಬಂದಿದ್ದ ಶಿವರಂಜನಿಯ ಅಂಗೈಯಲ್ಲಿ ಉಗುರಗಲದ ಮೂರು ನಿಕಲ್ ತುಂಡುಗಳು ಹೊಸ ನಾಣ್ಯದಂತೆ ಹೊಳೆಯುತ್ತಿದ್ದವು. ಒಂದೊಂದಕ್ಕೂ ಕುಂಕುಮದ ಬೊಟ್ಟು. ಆಯುಧ ಪೂಜೆಗೆಂದು ಪ್ರಯೋಗಶಾಲೆಯ ತಕ್ಕಡಿಗೆ, ಓವನ್ನಿಗೆ, ಕೊನೆಗೆ ನಲ್ಲಿಗೂ ಚೆಂಡುಹೂ ಏರಿತ್ತು.

"ಅರ್ಧ ತಾಸು ತಿಕ್ಕೀನವ್ವಾ," ಎಂದ ಅಟೆಂಡರ್ ಅಂಜಯ್ಯ, ಹಿಗ್ಗಿನಿಂದ. "ಹಸರು ಕಿಲುಬು ಹಿಡಿದಿತ್ತು. ಬರೀ ನೀರಿಗೆ ಬಗ್ಗಲಿಲ್ಲ. ಮನಿಯಿಂದ ಹುಣಸಿಹಣ್ಣು ತಂದು, ತಾಮ್ರದ ಚೊಂಬು ಬೆಳಗಿದಂಗ ಬೆಳಗೀನಿ."

ಆ ಹಸಿರೇ ಅವಳ ಕೆಲಸ. ಆ ತುಂಡುಗಳ ಮೇಲೆ ನಿಕಲ್ ಹೈಡ್ರಾಕ್ಸೈಡನ್ನು ಕೂದಲಿಗಿಂತ ಸಾವಿರ ಪಾಲು ತೆಳ್ಳನೆಯ ಎಸಳುಗಳಾಗಿ ಬೆಳೆಸಿ, ಬ್ಯಾಟರಿಯಂತೆ ಎರಡು ಸಾವಿರ ಸಲ ಚಾರ್ಜ್ ಏರಿಸಿ ಇಳಿಸಿದ್ದಳು. ಎಸಳು ಉಳಿದಿವೆಯೋ ಉದುರಿವೆಯೋ ನೋಡಲು ಹೈದರಾಬಾದಿನ ದೊಡ್ಡ ಸೂಕ್ಷ್ಮದರ್ಶಕದಲ್ಲಿ ಹಬ್ಬದ ಮರುದಿನ ಅವಳ ಪಾಳಿ. ನಾಲ್ಕು ತಿಂಗಳು ಕಾದು ಸಿಕ್ಕ ಪಾಳಿ.

"ಡಬ್ಬಿ ಮ್ಯಾಲೆ ಮುಟ್ಟಬ್ಯಾಡ ಅಂತ ಬರದಿದ್ನಲ್ರಿ?"

"ಇಂಗ್ಲಿಷ್‌ನಾಗ ಇತ್ತು. ಏನು ಬರದೈತ್ರಿ ಅಂತ ಸಾಹೇಬ್ರನ್ನ ಕೇಳಿದೆ. ಅವರು ಫೋನ್‌ನಾಗ ಇದ್ರು. ಎಲ್ಲಾ ತೊಳಿ, ಫೋಟೋದಾಗ ಫಳಫಳ ಅನಬೇಕು ಅಂದ್ರು." ಅವಳ ಮುಖ ಕಂಡು ಅವನ ದನಿ ಕುಗ್ಗಿತು. "ತಪ್ಪಾತೇನವ್ವಾ?"

ಅವಳು ಅವನ ಕೈ ನೋಡಿದಳು. ನೀರಲ್ಲಿ ನೆಂದ ಅವನ ಬೆರಳುಗಳು ಇನ್ನೂ ಸುಕ್ಕುಗಟ್ಟಿದ್ದವು.

ಅವಳ ಸಂಶೋಧನೆಯ ಮಾರ್ಗದರ್ಶಕ ಸಿದ್ದರಾಮೇಶ ಸರ್ ಇಸ್ತ್ರಿ ಅಂಗಿಯಲ್ಲಿ ಒಳಬಂದರು. ನಡೆದದ್ದು ಕೇಳಿ ಅಂಜಯ್ಯನ ಕಡೆ ತಿರುಗಿದರು. "ಓದು ಬರದವ್ರನ್ನ ಇಟ್ಕೊಂಡ್ರ ಹಿಂಗ. ಹಬ್ಬ ಆದಮ್ಯಾಲೆ ನೀ ಬರಬ್ಯಾಡ."

"ಅವರು ನಿಮ್ಮನ್ನ ಕೇಳೇ ತೊಳದಾರ್ರಿ ಸರ್."

"ನನಗ ನೆನಪಿಲ್ಲ. ಇನ್ನೊಮ್ಮೆ ಬೆಳಸವ್ವಾ, ಒಂದು ದಿನದ ಕೆಲಸ."

"ಬೆಳಸಾಕ ಒಂದು ದಿನರಿ. ಚಾರ್ಜ್ ಮಾಡಾಕ ನಲವತ್ತು ದಿನ ಹಿಡದೈತಿ. ಆ ನಲವತ್ತು ದಿನಕ್ಕೂ ಒಂದು ಬೊಟ್ಟು ಇಡಸ್ತೀರೇನು?"

"ದನಿ ಇಳಿಸು. ಪ್ರಿನ್ಸಿಪಾಲ್ರು ಬರಾಕತ್ತಾರ."

ಬಂದರು. ಕರ್ಪೂರ ಉರಿಯಿತು. ಎಲ್ಲರೂ ಫೋಟೋಗೆ ಸಾಲಾದರು. ಬಾಗಿಲ ಕಡೆ ಸರಿಯುತ್ತಿದ್ದ ಅಂಜಯ್ಯನ ತೋಳು ಹಿಡಿದು ಶಿವರಂಜನಿ ಮುಂದಿನ ಸಾಲಿಗೆ, ಪ್ರಿನ್ಸಿಪಾಲರ ಪಕ್ಕಕ್ಕೆ ತಂದಳು. ಸಿಂಕಿನ ಬಳಿಯಿದ್ದ, ತುಂಡುಗಳನ್ನು ತೊಳೆದ ಹುಣಸೆ ನೀರಿನ ಬಟ್ಟಲನ್ನೂ ಎತ್ತಿಕೊಂಡಳು.

"ಅದನ್ನ ಕೆಳಗಿಡು," ಸರ್ ತುಟಿ ಅಲುಗಿಸದೆ ಅಂದರು. "ಫೋಟೋದಾಗ ಬರ್ತೈತಿ."

"ಬರ್ಲಿರಿ."

ಬಟ್ಟಲನ್ನು ಎದೆಮಟ್ಟಕ್ಕೆ ಎತ್ತಿ ಹಿಡಿದಳು. ಕಂದು ನೀರಿನ ಅಂಚಿನಲ್ಲಿ ತೆಳ್ಳನೆಯ ಹಸಿರೊಂದು ಅಲುಗುತ್ತಲೇ ಇತ್ತು.